ಗುಂಡಿನ ಓಟ ಅಳೆಯುವ ಪ್ರಮೀಳಾ

ಶಿರಾಳಕೊಪ್ಪದ ಅಂಚಿನಲ್ಲಿ, ಮುಚ್ಚಿದ ಅಕ್ಕಿ ಗಿರಣಿಯ ಹಿಂಗೋಡೆಗೆ ಮರಳು ಮೂಟೆ ಒಟ್ಟಿದ್ದಾರೆ. ಮೊದಲ ಬಸ್ಸು ಈಗಷ್ಟೇ ಹೊರಟಿದೆ. ಪ್ರಮೀಳಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಏರ್ ರೈಫಲನ್ನು ಮರದ ಸ್ಟ್ಯಾಂಡಿಗೆ ಬಿಗಿಯುತ್ತಾರೆ. ನಳಿಗೆಯ ಮುಂದೆ ಎರಡು ಕಣ್ಣಿನ ಪುಟ್ಟ ಪೆಟ್ಟಿಗೆ. ಗುಂಡು ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾಟುವ ಹೊತ್ತನ್ನು ಹಿಡಿದು ವೇಗ ತೋರಿಸುವ ಕ್ರೋನೋಗ್ರಾಫ್ ಅದು. ಬಿಸಿಲೇರಿದರೆ ಅದರ ಲೆಕ್ಕ ತಪ್ಪುತ್ತದೆ. ಹಾಗಾಗಿ ಕೆಲಸವೆಲ್ಲ ಬೆಳಗಿನ ತಂಪಿನಲ್ಲೇ. ಮೊದಲ ಗುಂಡು ಸೆಕೆಂಡಿಗೆ 561 ಅಡಿ. ಮುಂದಿನದು 558.

“ಹಿಂಗ್ ಹತ್ರ ಹತ್ರ ಬಂದ್ರೆ ಬಂದೂಕು ಆರೋಗ್ಯವಾಗೈತಿ ಅಂತ ಅರ್ಥ. ಒಂದೇಟಿಗೆ ಐನೂರಕ್ಕೆ ಇಳೀತು ಅಂದ್ರೆ ಎಲ್ಲೋ ಗಾಳಿ ಸೋರ್ತೈತ್ರಿ.”

ತಂದೆ ಹುಚ್ಚರಾಯಪ್ಪ ಕುರಿ ಮೇಯಿಸುವುದು ಬಿಟ್ಟು ಸೈಕಲ್ ಶಾಪ್ ಹಾಕಿದವರು. ಪಂಪಿನ ಚರ್ಮದ ವಾಷರ್ ಕತ್ತರಿಸುತ್ತ ಬೆಳೆದ ಮಗಳ ಮುಂದೆ, ಊರಿನ ಶೂಟಿಂಗ್ ತರಬೇತುದಾರ ನಾಗೇಶ್ ಒಮ್ಮೆ ಕೆಟ್ಟ ಏರ್ ರೈಫಲ್ ತಂದಿಟ್ಟರು. ಬಿಚ್ಚಿ ನೋಡಿದರೆ ಒಳಗಿದ್ದದ್ದೂ ಒಂದು ಬಗೆಯ ಪಂಪೇ. ಪ್ರಮೀಳಾ ಎಣ್ಣೆಯಲ್ಲಿ ನೆನೆಸಿದ ಹೊಸ ವಾಷರ್ ಹಾಕಿದರು, ಬಂದೂಕಿಗೆ ಜೀವ ಬಂತು. ಹೆಂಗಸಿಗೆ ಇದೆಲ್ಲ ಯಾಕೆ ಎಂದವರಿದ್ದರು. ಒಂದು ಸಲ ಬಿಗಿದ ಸ್ಪ್ರಿಂಗ್ ಸಿಡಿದು ಎಡಗೈ ಹೆಬ್ಬೆರಳು ಮುರಿಯಿತು. ಅದು ಇಂದಿಗೂ ಮಡಚುವುದಿಲ್ಲ. ಆದರೂ ದಿನಕ್ಕೆ ಮೂರು ನಾಲ್ಕು ಬಂದೂಕು ಅವರ ಕೈ ದಾಟುತ್ತವೆ.

ಕಳೆದ ವರ್ಷ ಸೊರಬದ ಕಡೆಯ ಕೆಂಪಪ್ಪ, ಮಗಳು ವಾಣಿಶ್ರೀಯ ರೈಫಲ್ ಹೊತ್ತು, ಅವಳನ್ನೂ ಕರೆದುಕೊಂಡು ಬಂದರು. ಗುಂಡುಗಳೆಲ್ಲ ಗುರಿಯ ಕೆಳಗೇ ಬೀಳುತ್ತಿದ್ದವು. ಜಿಲ್ಲಾ ತಂಡದಿಂದ ಅವಳನ್ನು ಕೈಬಿಟ್ಟಿದ್ದರು. ಪ್ರಮೀಳಾ ಗುಂಡುಗಳನ್ನು ತೂಗಿ ಆರಿಸಿ, ಗುಂಡಿನ ಡಬ್ಬಿ ಬದಲಿಸಿ ಅಳೆದರು. ವೇಗದಲ್ಲಿ ಹೆಚ್ಚುಕಡಿಮೆಯಿಲ್ಲ. ಕೆಂಪಪ್ಪ ಪ್ರಮೀಳಾರನ್ನು ಪಕ್ಕಕ್ಕೆ ಕರೆದು, ಏನೋ ಕೆಟ್ಟಿತ್ತು, ಸರಿಮಾಡಿದೆ ಎಂದುಬಿಡಿ, ಹುಡುಗಿಯ ಮನಸ್ಸು ನೆಟ್ಟಗಾಗಲಿ ಎಂದು ಬೇಡಿಕೊಂಡರು. ಹಾಗೆ ಹೇಳುವುದು ಸುಲಭವಿತ್ತು. ಆದರೆ ಪ್ರಮೀಳಾ ವಾಣಿಶ್ರೀಯ ಕಡೆ ತಿರುಗಿದರು.

“ಬಂದೂಕಿನ ತಪ್ಪಿಲ್ಲ ತಂಗಿ. ಬಿಚ್ಚಿದ್ರೆ ನಾನೇ ಕೆಡಿಸಿದಂಗಾಗ್ತದೆ.”

ಹುಡುಗಿ ರೈಫಲ್ ಎತ್ತಿಕೊಂಡು ಹೊರಟುಹೋದಳು. ಅಂದು ಪ್ರಮೀಳಾಗೆ ಊಟ ಸೇರಲಿಲ್ಲ.

ತಿಂಗಳಾದ ಮೇಲೆ ವಾಣಿಶ್ರೀ ಒಬ್ಬಳೇ ಬಂದಳು. ಗುಂಡು ನಳಿಗೆ ಬಿಡುವ ಮೊದಲೇ ತಾನು ಗುರಿ ನೋಡಲು ತಲೆ ಎತ್ತುತ್ತಿದ್ದುದನ್ನು, ಆಗ ನಳಿಗೆ ತಗ್ಗುತ್ತಿದ್ದುದನ್ನು ನಾಗೇಶ್ ಜತೆ ಕೂತು ಕಂಡುಕೊಂಡಿದ್ದಳು.

“ಬಂದೂಕನ್ನ ಬೈಯೋದು ಬಿಟ್ಟೆ ಅಕ್ಕಾ,” ಎಂದಳು. “ಆಮೇಲೇ ನನ್ನ ತಪ್ಪು ಕಾಣ್ಸಿದ್ದು.”

ಈಗ ಅವಳು ತಂಡಕ್ಕೆ ಮರಳಿದ್ದಾಳೆ. ಪ್ರಮೀಳಾ ಮಾತ್ರ ಈವರೆಗೆ ಒಂದು ಸ್ಪರ್ಧೆಯನ್ನೂ ನೋಡಿಲ್ಲ. ಮುಂದಿನ ಸಲ ಕರೆದೊಯ್ಯುತ್ತೇನೆಂದು ವಾಣಿಶ್ರೀ ಹೇಳಿದ್ದಾಳಂತೆ. ಆಸೆ ಏನು ಎಂದು ಕೇಳಿದರೆ ಪ್ರಮೀಳಾ ಅದನ್ನೇ ಹೇಳುತ್ತಾರೆ.

“ಒಂದ್ಸಲ ಕುರ್ಚಿ ಮ್ಯಾಲೆ ಕುಂತು ನೋಡ್ಬೇಕ್ರಿ. ಗುಂಡು ಎಷ್ಟು ಜೋರು ಹೋಗ್ತದೆ ಅಂತ ನಂಗೆ ಗೊತ್ತೈತಿ. ಎಲ್ಲಿಗೆ ಹೋಗಿ ಮುಟ್ತದೆ ಅಂತ ನೋಡೇ ಇಲ್ಲ.”