ಲಿಂಬಿ ಗೋದಾಮಿನಲ್ಲಿ ಮದರಂಗಿ

ವಿಜಾಪುರದ ಸ್ಟೇಷನ್ನಿನಾಚೆ, ರೈಲು ಹಳಿಗೆ ಬೆನ್ನು ಕೊಟ್ಟು ಎರಡು ತಗಡಿನ ಕಟ್ಟಡಗಳಿದ್ದವು. ಒಂದು ಹತ್ತಿಯ ಗಿರಣಿ, ಇನ್ನೊಂದು ಲಿಂಬಿ ಗೋದಾಮು. ತಿಕೋಟಾ, ಬಬಲೇಶ್ವರದ ತೋಟಗಳಿಂದ ಚಕ್ಕಡಿಯಲ್ಲಿ ಬಂದ ಕಾಯಿಯನ್ನು ಆರಿಸಿ, ಬುಟ್ಟಿಗೆ ತುಂಬಿ, ಮೇಲೆ ಗೋಣಿ ಹೊಲಿದು ವ್ಯಾಗನ್ನಿಗೆ ಏರಿಸುವುದು ಅಲ್ಲಿಯ ಕೆಲಸ. ಅವ್ವ ಆರಿಸುವವರ ಸಾಲಿನಲ್ಲಿ ಕೂಡುತ್ತಿದ್ದಳು. ಅಪ್ಪ ಸತ್ತ ಮೇಲೆ ನಾನು ಓದಿದ್ದು ಆ ಕೂಲಿಯ ಮೇಲೆಯೇ. ಕಾಲೇಜಿಗೆ ರಜೆ ಬಂದಾಗ ನಾನೂ ಅಲ್ಲಿ ಗೋಣಿ ಹೊಲಿಯುತ್ತಿದ್ದೆ.

ಎರಡನೇ ಮಹಾಯುದ್ಧ ಮುಗಿದಿತ್ತು, ವ್ಯಾಗನ್ನುಗಳ ಬರ ಮುಗಿದಿರಲಿಲ್ಲ. ಆ ಬೇಸಿಗೆ ತುಂಬಿದ ಬುಟ್ಟಿಗಳು ಗೋದಾಮಿನಲ್ಲೇ ಉಳಿದವು. ತಗಡಿನ ಕಾವಿಗೆ ಕಾಯಿ ಬೆವೆತು, ಮೆತ್ತಗಾಗಿ, ಬೂಷ್ಟು ಹಿಡಿಯಿತು. ತುಂಬಿದ್ದನ್ನೇ ಬಿಚ್ಚಿ ಕೊಳೆತದ್ದನ್ನು ಬರಿಗೈಯಲ್ಲಿ ತೆಗೆಯಬೇಕು. ಹುಳಿ ರಸಕ್ಕೆ ಹೆಂಗಸರ ಬೆರಳುಗಳು ಸೀಳಿದವು. ಅವ್ವನ ಹೆಬ್ಬೆರಳು ಕೀವುಗಟ್ಟಿತು.

ಗೋದಾಮಿನ ಸಾಹುಕಾರನಿಗೆ ರೈಲಿನವರನ್ನು ಬೈಯುವ ಧೈರ್ಯವಿರಲಿಲ್ಲ. ಕೈಗಳನ್ನು ಬೈದ.

"ನಿಮ್ಮ ಹುಣ್ಣಿನ ಕೈಯಿಂದನ ಕಾಯಿ ಕೊಳ್ಯಾಕತ್ತಾವಂತ," ಎಂದು ಕೂಲಿಯವರ ಮೇಲಿನ ಮುಕಾದಮ ಸಾರಿದ. "ನಾಳಿ ಎಲ್ಲಾರ ಕೈ ನೋಡ್ತೀನಿ. ಹುಣ್ಣಿದ್ದಾಕಿ ಸೀದಾ ಮನಿಗಿ."

ಭೂತನಾಳದಿಂದ ಬರುತ್ತಿದ್ದ ಹೆಂಗಸೊಬ್ಬಳು ಉಪಾಯ ಹೇಳಿದಳು. "ಎಲ್ಲಾರೂ ಮದರಂಗಿ ಹಚ್ಕೊಳ್ಳೂಣು. ಕೆಂಪಿನಾಗ ಕೆಂಪು ಕಾಣಂಗಿಲ್ಲ."

"ನಾ ಹ್ಯಾಂಗ ಹಚ್ಕೊಳ್ಳಲಿಬೇ? ಗಂಡ ಸತ್ತಾಕಿ," ಎಂದಳು ಅವ್ವ.

"ಯಾರ ಗಂಡ ಅದಾನ, ಯಾರ ಗಂಡ ಸತ್ತಾನ ಅಂತ ಹೊಟ್ಟಿಗಿ ಗೊತ್ತೈತೇನಕ್ಕಾ?"

ಅವ್ವ ನನ್ನ ಕಡೆ ನೋಡಿದಳು. ಆಮೇಲೆ ಕೈ ಚಾಚಿದಳು.

ಮರುದಿನ ಮುಕಾದಮ ಸಾಲಿನ ಮುಂದೆ ನಡೆದ. "ಏನ್ರೇ, ಎಲ್ಲಾರೂ ಒಂದ ಹಂದರದಾಗ ಲಗ್ನ ಆಗಾಕತ್ತೀರೇನು?" ಹೆಂಗಸರು ಜೋರಾಗಿ ನಕ್ಕರು. ನಗುತ್ತಲೇ ಅವನ ಕಣ್ಣು ದಾಟಿಕೊಂಡರು. ಅವ್ವನ ಹತ್ತಿರ ಬಂದವನು ಬರಿದಾದ ಹಣೆ ನೋಡಿದ, ಕೆಂಪು ಅಂಗೈ ನೋಡಿದ. "ನಿನಗ್ಯಾಕ ಬೇಕಾಗಿತ್ತು ಮದರಂಗಿ?" ಎಂದು ಹೆಬ್ಬೆರಳನ್ನು ಒತ್ತಿದ. ಕೀವು ಬಂತು. ಉಳಿದವರ ಕೈಗಳನ್ನು ಅವನು ಒತ್ತಿ ನೋಡಲಿಲ್ಲ. ಸಾಹುಕಾರನಿಗೆ ತೋರಿಸಲು ಒಬ್ಬಳು ಸಾಕಾಗಿತ್ತು.

ನಾನು ದಬ್ಬಣ ಕೆಳಗಿಟ್ಟು ಎದ್ದೆ. "ಆಕಿ ಜಾಗಾದಾಗ ನಾ ಕುಂದರ್ತೀನ್ರಿ. ಕಾಲೇಜು ಬಿಡ್ತೀನಿ."

"ಲೇ, ಬಾಯಿ ಮುಚ್ಚು," ಎಂದಳು ಅವ್ವ. "ನಿನ್ನ ಕೈಯಾಗ ಪುಸ್ತಕ ಇರಬೇಕು."

ಅವಳು ಮನೆಗೆ ಹೋಗಲಿಲ್ಲ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಪಕ್ಕದ ಹತ್ತಿ ಗಿರಣಿಯ ಬಾಗಿಲಿಗೆ ನಡೆದಳು. ಅಲ್ಲಿ ಕೈ ನೋಡುತ್ತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಆ ಹತ್ತಿಯ ಧೂಳಿನಲ್ಲಿ ಬಹಳ ದಿನ ಯಾರೂ ನಿಲ್ಲುತ್ತಿರಲಿಲ್ಲ.

ಅಂಗೈಯ ಬಣ್ಣ ಬೇಗ ಮಾಸಿತು, ಉಗುರಿನದು ತಿಂಗಳುಗಟ್ಟಲೆ ಉಳಿಯಿತು. ಓಣಿಯಲ್ಲಿ ನಡೆಯುವಾಗ ಅದನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಹುಣ್ಣನ್ನು ಕೂಡ ಅಷ್ಟು ಮುಚ್ಚಿಕೊಂಡಿರಲಿಲ್ಲ.

ನಾನು ಬಿ.ಎ. ಆದೆ. ನಮ್ಮ ಮನೆತನದಲ್ಲಿ ನಾನೇ ಮೊದಲು. ಇದನ್ನು ದೊಡ್ಡ ದನಿಯಲ್ಲೇ ಹೇಳುತ್ತೇನೆ. ಸುದ್ದಿ ಹೇಳಲು ಓಡಿದಾಗ ಅವ್ವ ಗಿರಣಿಯ ಗೋಡೆಗೆ ಒರಗಿ ಕೆಮ್ಮುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಅರಳೆ.

"ಪಾಸಾದ್ಯಾ?"

"ಹೂಂ ಬೇ."

ಇನ್ನೇನೋ ಹೇಳಲು ಹೋದಳು, ಕೆಮ್ಮು ಬಿಡಲಿಲ್ಲ. ಅಷ್ಟರಲ್ಲಿ ಕೆಲಸಕ್ಕೆ ಕರೆಯುವ ಗಿರಣಿಯ ಭೋಂಗಾ ಕೂಗಿತು. ಅವ್ವ ಒಳಗೆ ಹೋದಳು.