ಮಾತ್ರೆಗೆ ಮುಂಚೆ ಸೂಜಿಯಕ್ಕ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ರಕ್ತ ತೆಗೆಯುವ ಸೂಜಿಯಕ್ಕ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ತಣ್ಣನೆಯ ಬೆರಳು ತಾಗಿದರೆ ನರ ಒಳಗೆ ಸರಿಯುತ್ತದಂತೆ. ಹೊರಗಿನ ಬೆಂಚಿನಲ್ಲಿ ಕೂತವರೆಲ್ಲ ಇನ್ನೊಬ್ಬರ ಮೂತ್ರಪಿಂಡವನ್ನೋ ಯಕೃತ್ತನ್ನೋ ಹೊತ್ತು ಬದುಕುತ್ತಿರುವವರು. ಎಲ್ಲರ ಕೈಯಲ್ಲೂ ಮಾತ್ರೆಯ ಪಟ್ಟಿ, ಹೊಸ ಅಂಗದ ಮೇಲೆ ಮೈ ತಿರುಗಿಬೀಳದಂತೆ ತಡೆಯುವ ಮಾತ್ರೆ. ರಕ್ತ ಕೊಡುವ ತನಕ ನುಂಗುವಂತಿಲ್ಲ. ರಾತ್ರಿ ನುಂಗಿದ್ದು ಮೈಯಲ್ಲಿ ಎಷ್ಟು ಉಳಿದಿದೆ ಎಂದು ಅಳೆಯಬೇಕಲ್ಲ.

“ಯಾವ ಕೈ ಅಂತ ಹೇಳ್ಬೇಡಿ, ನಾನೇ ಹೇಳ್ತೀನಿ. ಎಡಗೈ ಬೇಡ, ಡಯಾಲಿಸಿಸ್ ಆಗಿದ್ದು ಅದ್ರಲ್ಲಿ. ಸರೀನಾ?” ಎನ್ನುತ್ತಾರೆ ಎದುರಿನ ಅಜ್ಜಿಗೆ. ಅಜ್ಜಿ ನಗುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೂ ಬಂದಿರುತ್ತದೆ.

ವಯಸ್ಸು ಐವತ್ತೊಂದು. ಒಂಬತ್ತು ಗಂಟೆಯೊಳಗೆ ನಲವತ್ತು ಕೈ. ಹೆಣ್ಣುಮಕ್ಕಳಿಬ್ಬರ ಊಟದ ಡಬ್ಬಿ ಕಟ್ಟಿಟ್ಟು ನಾಲ್ಕೂವರೆಗೆ ಮನೆ ಬಿಡುತ್ತಾರೆ. ಚಿಕ್ಕವಳು ತೊಟ್ಟಿಲಲ್ಲಿದ್ದಾಗ ಗಂಡ ತೀರಿಕೊಂಡರು. ಹೊಟ್ಟೆಪಾಡಿಗೆ ಮೊದಲು ಗುಡಿಸಿದ್ದು ಆಸ್ಪತ್ರೆಯ ಇದೇ ಮೊಗಸಾಲೆಯನ್ನು. ಸಂಜೆ ತರಗತಿಗೆ ಹೋಗಿ ಈ ಕೆಲಸ ಕಲಿತು ಹತ್ತೊಂಬತ್ತು ವರ್ಷವಾಯಿತು. “ಅತ್ತೆ ಕೈ ನೇವರಿಸ್ತಾ ನರ ಹುಡುಕೋದು ರೂಢಿ ಮಾಡ್ಕೊಂಡೆ. ಸೊಸೆಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ಅವರು ಕೇರಿಯೆಲ್ಲ ಹೇಳ್ಕೊಂಡು ಬಂದ್ರು!”

ಅಂಗಾಂಗ ಕಸಿಯಾದವರಿಗೆ ಲಸಿಕೆ ಯಾಕೆ ಸುಲಭವಾಗಿ ಹಿಡಿಯುವುದಿಲ್ಲ ಎಂಬುದಕ್ಕೂ ಅವರ ಬಳಿ ಮಾತಿದೆ. “ನೆಂಟರನ್ನ ಕಚ್ಚದೇ ಇರ್ಲಿ ಅಂತ ನಾಯಿಗೆ ಮಂಪರು ಬರ್ಸಿರ್ತೀವಿ ಅಂದ್ಕೊಳ್ಳಿ. ಈ ಮಾತ್ರೆ ಮಾಡೋದು ಅದನ್ನೇ. ಈಗ ಕಳ್ಳನ ಗುರುತು ಹೇಳ್ಕೊಟ್ರೆ ಅದ್ರ ತಲೆಗೆ ಒಂದೇ ಸಲಕ್ಕೆ ಹೋಗತ್ತಾ? ಮತ್ತೆ ಮತ್ತೆ ಹೇಳ್ಬೇಕು. ಬೂಸ್ಟರ್ ಅಂದ್ರೆ ಅಷ್ಟೇ.”

ಇಲ್ಲಿಗೆ ಬರುವ ಶಾಲೆಯ ಮೇಷ್ಟ್ರೊಬ್ಬರ ಮೈಗೆ ಮೂರು ಸಲ ಹೇಳಿಕೊಟ್ಟರೂ ಹಿಡಿದಿರಲಿಲ್ಲ. ಹೆಂಡತಿ ಕೊಟ್ಟ ಮೂತ್ರಪಿಂಡ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಮೂರನೆಯ ಲಸಿಕೆಯ ನಂತರವೂ ಅವರ ರಕ್ತದಲ್ಲಿ, ಲಸಿಕೆ ಹಿಡಿದದ್ದರ ಗುರುತಾದ ಪ್ರತಿಕಾಯ ಕಾಣಲಿಲ್ಲ. ಮಕ್ಕಳು ಕೆಮ್ಮುವ ತರಗತಿಗೆ ಈಗಲೇ ಬೇಡ ಎಂದರು ಡಾಕ್ಟರು. ಒಂದೂವರೆ ವರ್ಷದಿಂದ ಮೇಷ್ಟ್ರು ಕರಿಹಲಗೆ ಮುಟ್ಟಿರಲಿಲ್ಲ.

ನಾಲ್ಕನೆಯ ಲಸಿಕೆಗೆ ಗೊತ್ತಾಗಿದ್ದ ದಿನ ಬೆಳಿಗ್ಗೆ ಅವರು ಸೂಜಿಯಕ್ಕನ ಎದುರಿನ ಕುರ್ಚಿಯಲ್ಲಿ ಕೂತರು. ಹೊಸ ಪಟ್ಟಿ ಸಿಕ್ಕ ದಿನವೇ ಪ್ರತಿ ಮಾತ್ರೆಯ ಹಿಂದೆ ಅದನ್ನು ನುಂಗಬೇಕಾದ ತಾರೀಖು ಬರೆದಿಡಬೇಕು, ಇಲ್ಲಿಗೆ ಬಂದಾಗ ತೋರಿಸಬೇಕು. ಇದು ಸೂಜಿಯಕ್ಕ ಮಾಡಿದ ಕಟ್ಟಳೆ.

“ಮೇಷ್ಟ್ರೇ, ಇವತ್ತು ಒಂಬತ್ತು. ಏಳು, ಎಂಟು ಇನ್ನೂ ಇಲ್ಲೇ ಕೂತಿವೆಯಲ್ಲ?”

“ಅದು... ಹಳೇ ಪಟ್ಟಿ ಇರ್ಬೇಕು ಅಕ್ಕ.”

“ಹೋಂವರ್ಕ್ ಮನೇಲಿ ಬಿಟ್ಟು ಬಂದೆ ಅಂತಾರಲ್ಲ ನಿಮ್ಮ ಹುಡುಗ್ರು, ಹಂಗಾಯ್ತು ಇದು.”

ಮೇಷ್ಟ್ರ ತಲೆ ತಗ್ಗಿತು. “ಮಾತ್ರೆ ನಿಲ್ಸಿದ್ರೆ ಲಸಿಕೆ ಹಿಡಿಯತ್ತೆ ಅಂದ್ಕೊಂಡೆ. ಎರಡೇ ದಿನ. ನನ್ನ ಹೆಂಡ್ತಿಗೆ ಹೇಳ್ಬೇಡಿ, ನಿಮ್ಮ ದಮ್ಮಯ್ಯ.”

“ನಿಮ್ಮ ಮನೆಯವರು ಹೊಟ್ಟೆ ಕೊಯ್ಸ್ಕೊಂಡು ಕೊಟ್ಟಿದ್ದು ಅದು. ಅಂಗಡೀಲಿ ಸಿಗತ್ತಾ?”

ರಕ್ತ ತೆಗೆದವರೇ, ಪಟ್ಟಿಯನ್ನೂ ಕೈಯಲ್ಲಿ ಹಿಡಿದು ಸೀದಾ ಡಾಕ್ಟರ ಬಳಿಗೆ ನಡೆದರು. ಮೈ ಆಗಲೇ ಹೊಸ ಮೂತ್ರಪಿಂಡದ ಮೇಲೆ ತಿರುಗಿಬೀಳತೊಡಗಿತ್ತು. ಮೇಷ್ಟ್ರು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದರು. “ಇನ್ನೊಂದು ವಾರ ಹೀಗೇ ಮುಂದುವರಿದಿದ್ದರೆ ಉಳಿಸಿಕೊಳ್ಳುವುದು ಕಷ್ಟವಿತ್ತು,” ಎನ್ನುತ್ತಾರೆ ಡಾಕ್ಟರು. ಬೆಳಿಗ್ಗೆ ಸೂಜಿಯಕ್ಕ ರಕ್ತ ತೆಗೆಯಲು ಹೋದಾಗಲೆಲ್ಲ ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿ ಕೈ ಮಾತ್ರ ಚಾಚುತ್ತಿದ್ದರು. ಸೂಜಿಯಕ್ಕ ಆ ಕೈಯನ್ನು ಎಂದಿಗಿಂತ ಮೆತ್ತಗೆ ಹಿಡಿಯುತ್ತಿದ್ದರು.

ಎಲ್ಲ ಸರಿಹೋದ ಮೇಲೆ, ಮಾತ್ರೆ ತಪ್ಪಿಸದೆಯೇ, ಅಂದು ನಿಂತುಹೋಗಿದ್ದ ನಾಲ್ಕನೆಯ ಲಸಿಕೆಯಾಯಿತು. ತಿಂಗಳ ನಂತರದ ವರದಿಯಲ್ಲಿ ಪ್ರತಿಕಾಯ ಮೊದಲ ಬಾರಿಗೆ ಕಾಣಿಸಿಕೊಂಡಿದೆ. ಹೆಚ್ಚೇನಲ್ಲ, ಆದರೆ ಸೊನ್ನೆಯಲ್ಲ. ಕಿಟಕಿಗಳು ತೆರೆದಿರಲಿ, ಮುಖಗವಸು ಇರಲಿ, ಜೊತೆಯ ಶಿಕ್ಷಕರೂ ಲಸಿಕೆ ಹಾಕಿಸಿಕೊಂಡಿರಲಿ ಎಂಬ ಷರತ್ತಿನ ಮೇಲೆ ಮೇಷ್ಟ್ರು ಕಳೆದ ಸೋಮವಾರ ತರಗತಿಗೆ ಮರಳಿದ್ದಾರೆ. ಅದನ್ನು ಹೇಳಲು ಬಂದವರು ಅವರಲ್ಲ, ಅವರ ಹೆಂಡತಿ. ಬಾಗಿಲಲ್ಲೇ ನಿಂತು ಸೂಜಿಯಕ್ಕನ ಕೈ ಹಿಡಿದುಕೊಂಡರು.

ನಿಮಗೇನು ಆಸೆ ಎಂದು ಕೇಳಿದರೆ ಸೂಜಿಯಕ್ಕ ಕೈಗವಸು ಬದಲಿಸುತ್ತಾ ನಗುತ್ತಾರೆ. “ಚುಚ್ಚೋಳನ್ನ ಯಾರು ಇಷ್ಟಪಡ್ತಾರೆ ಹೇಳಿ? ಮೇಷ್ಟ್ರಿಗೆ ಇನ್ನೂ ನನ್ನ ಮೇಲೆ ಸಿಟ್ಟಿದೆ. ಇರ್ಲಿ. ಬಯ್ಕೊಂಡಾದ್ರೂ ತಿಂಗಳು ತಿಂಗಳು ಬರ್ತಾ ಇರ್ಲಿ, ಅಷ್ಟು ಸಾಕು.”