ಗುಣಕ್ಕೊಂದು ಮುಖ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೈಬಲ್ ಹೇಳುವ ಆತ್ಮದ ಫಲಗಳು, ಅಂದರೆ ಒಳ್ಳೆಯ ಗುಣಗಳು, ಒಂಬತ್ತು ಎಂದು ಇಪ್ಪತ್ತೆರಡು ವರ್ಷಗಳಿಂದ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿರುವ ನನ್ನಲ್ಲಿ ಇದುವರೆಗೆ ಹಣ್ಣಾಗಿರುವುದು ಎರಡೂವರೆ. ಪ್ರೀತಿ ಇದೆ. ಸಂತೋಷವೂ ಇದೆ, ಅದರಲ್ಲೂ ಬೇರೆಯವರು ಅಡುಗೆ ಮಾಡಿದ ದಿನ. ನಂಬಿಕೆಯದು ಅರ್ಧ ಲೆಕ್ಕ, ಏಕೆಂದರೆ ದೇವರನ್ನು ನಂಬುತ್ತೇನೆ, ಮನುಷ್ಯರಲ್ಲಿ ಆರಿಸಿ ಆರಿಸಿ ನಂಬುತ್ತೇನೆ. ಉಳಿದವು ಇನ್ನೂ ಕಾಯಿ. ದೀರ್ಘಶಾಂತಿಯಂತೂ ಹೂವೂ ಬಿಟ್ಟಿಲ್ಲ.

ಈ ದೀರ್ಘಶಾಂತಿಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಸಿಂಧನೂರಿನ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಅದನ್ನು ಗಂಡಸರಿಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಗಂಡಸರಿಗೆ ಉಪಕಾರ, ನಂಬಿಕೆ ಮುಂತಾದ ಭಾರಿ ಗುಣಗಳು. ಹೆಂಗಸರಿಗೆ ಸಾಧುತ್ವ ಮತ್ತು ದೀರ್ಘಶಾಂತಿ. ಗಂಡ ಕುಡಿದು ಬಂದರೆ ದೀರ್ಘಶಾಂತಿ, ಸೊಸೆ ಮಾತು ಬಿಟ್ಟರೆ ದೀರ್ಘಶಾಂತಿ, ಹಿಂದಿನ ಸಾಲಿನ ಫ್ಯಾನು ಎರಡು ಬೇಸಿಗೆ ತಿರುಗದೆ ನಿಂತರೂ ಅಲ್ಲಿ ಕೂತ ಹೆಂಗಸರಿಗೆ ದೀರ್ಘಶಾಂತಿ. ಆ ಪಟ್ಟಿಯನ್ನು ಬರೆದ ಅಪೊಸ್ತಲನು ಹೀಗೆ ಗಂಡು ಹೆಣ್ಣು ಎಂದು ಪಾಲು ಮಾಡಿ ಬರೆದಿಲ್ಲ. ನಿಜ ಹೇಳಬೇಕೆಂದರೆ ಅವನೇ ಅಂಥ ಶಾಂತ ಮನುಷ್ಯನಲ್ಲ. ಈ ಒಂಬತ್ತು ಗುಣಗಳನ್ನು ಬೋಧಿಸಿದ ಅದೇ ಪತ್ರದ ನಡುವೆ, ಓದುವವರಿಗೆ ಬುದ್ಧಿ ಇಲ್ಲವೇನು ಎಂದು ಗದರಿದ್ದಾನೆ. ಅದನ್ನು ಓದಿದಾಗಲೆಲ್ಲ ನನಗೆ ನನ್ನ ಮೇಲೆಯೇ ಸ್ವಲ್ಪ ಭರವಸೆ ಬರುತ್ತದೆ.

ನಾನು ಮುದಗಲ್ಲಿನಲ್ಲಿ ಬೆಳೆದವಳು. ಚಿಕ್ಕವಳಿದ್ದಾಗ ಈ ಪಟ್ಟಿ ನನ್ನ ಬಾಯಲ್ಲಿ ಎಂದೂ ಒಂಬತ್ತಕ್ಕೆ ಮುಟ್ಟುತ್ತಿರಲಿಲ್ಲ. ಎಂಟಕ್ಕೆ ನಿಲ್ಲುತ್ತಿತ್ತು. ಬಿಟ್ಟುಹೋದದ್ದು ಯಾವುದು ಎಂದು ಅವ್ವ ಕೇಳಿದರೆ, ಪ್ರತಿ ಸಲವೂ ಬೇರೆ ಬೇರೆ ಬಿಟ್ಟುಹೋಗಿರುತ್ತಿತ್ತು. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಗುಣಕ್ಕೊಂದು ಮುಖ ಅಂಟಿಸಿಕೊಂಡೆ. ಸಂತೋಷಕ್ಕೆ ಲಿಂಗಸುಗೂರು ಬಸ್ಸಿನ ಕಂಡಕ್ಟರ್, ಏಕೆಂದರೆ ಆತ ಚಿಲ್ಲರೆ ಇಲ್ಲದವರಿಗೂ ನಕ್ಕೇ ಟಿಕೆಟ್ ಕೊಡುತ್ತಿದ್ದ. ಸಮಾಧಾನಕ್ಕೆ ನಮ್ಮ ಓಣಿಯ ಹೊಲಿಗೆಯ ಅಜ್ಜ. ತನ್ನನ್ನು ತಾನು ಹಿಡಿತದಲ್ಲಿಡುವ ಶಮೆದಮೆಗೆ ಮಾತ್ರ ಯಾರೂ ಸಿಗದೆ ನಮ್ಮ ಎಮ್ಮೆಯನ್ನು ಇಟ್ಟುಕೊಂಡಿದ್ದೆ. ಅಂದಿನಿಂದ ಪಟ್ಟಿ ತಪ್ಪಲಿಲ್ಲ. ಮುಂದೆ ಪಾಮನಕಲ್ಲೂರಿನ ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ನಿವೃತ್ತಳಾಗಿ ಸಿಂಧನೂರು ಸೇರಿದ ಮೇಲೂ ಎಲ್ಲರಿಗೂ ಇದೇ ಉಪಾಯ ಕಲಿಸಿದೆ. ತಪ್ಪಾದದ್ದು ಅಲ್ಲಿ, ಅದು ತಪ್ಪೇ ಆಗಿದ್ದರೆ.

ನಾಗಮ್ಮ ನನ್ನ ಬಳಿ ಬಂದದ್ದು ಹೋದ ಬೇಸಿಗೆಯಲ್ಲಿ. ಐವತ್ತರ ಹತ್ತಿರದ ಹೆಂಗಸು, ಭತ್ತದ ನಾಟಿಯ ಗುಂಪಿನಲ್ಲಿ ಕೂಲಿ. ಹುಟ್ಟಿದಾಗಲೇ ದೀಕ್ಷಾಸ್ನಾನವಾಗಿತ್ತು, ಆದರೆ ದೃಢೀಕರಣ ಆಗಿರಲಿಲ್ಲ. ನಮ್ಮ ಸಭೆಯಲ್ಲಿ ದೃಢೀಕರಣ ಆಗದವರು ಕರ್ತನ ಭೋಜನಕ್ಕೆ, ಅಂದರೆ ಮುಂದೆ ಹೋಗಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳಲು, ಏಳುವಂತಿಲ್ಲ. ಅದು ಆಗಬೇಕಾದರೆ ಹಿರಿಯರ ಮುಂದೆ ನಿಂತು ಪಾಠ ಒಪ್ಪಿಸಬೇಕು. ಅಕ್ಷರ ಬಾರದ, ನಾಟಿಯ ಕಾಲದಲ್ಲಿ ಭಾನುವಾರವೂ ಕೆಸರಿನಲ್ಲಿರುವ ನಾಗಮ್ಮನಿಗೆ ಅದು ಕೂಡಿಬಂದಿರಲಿಲ್ಲ.

"ಅಕ್ಕೋರ, ಮಂದಿ ಎದ್ದು ಮುಂದ ಹೋಗ್ತಾರ, ನಾ ಕುಂತು ಅವ್ರ ಬೆನ್ನು ನೋಡ್ತೀನಿ. ಎಷ್ಟು ವರ್ಷ ಬೆನ್ನು ನೋಡ್ಲಿರಿ?" ಅಂದಳು. "ನನಗೂ ಕಲಸ್ರಿ."

ಕಲಿಸಿದೆ. ವಾರಕ್ಕೆರಡು ಸಂಜೆ ಬರುತ್ತಿದ್ದಳು. ಕರ್ತನ ಪ್ರಾರ್ಥನೆ ಅವಳಿಗೆ ಮೊದಲೇ ಬಾಯಿಗೆ ಬರುತ್ತಿತ್ತು, ಹತ್ತು ಆಜ್ಞೆಗಳು ಹದಿನೈದು ದಿನದಲ್ಲಿ ಬಂದವು. ಒಂಬತ್ತು ಫಲಗಳಿಗೆ ಬಂದಾಗ ನನ್ನ ಉಪಾಯ ಹೇಳಿದೆ. ಒಂದೊಂದಕ್ಕೆ ನಿನಗೆ ಗೊತ್ತಿರುವ ಒಂದೊಂದು ಮುಖ ಇಟ್ಟುಕೋ, ಯಾರದೆಂದು ನನಗೆ ಹೇಳಬೇಡ, ಅದು ನಿನ್ನೊಳಗೇ ಇರಲಿ ಎಂದೆ. ಆಕೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಒಂದೂ ತಪ್ಪದೆ ಒಂಬತ್ತನ್ನೂ ಹೇಳಿದಳು. ನನಗೆ ಹೆಮ್ಮೆಯಾಯಿತು. ಹೆಮ್ಮೆ ಆ ಪಟ್ಟಿಯಲ್ಲಿ ಇಲ್ಲ ಎಂಬುದು ನನಗೆ ಗೊತ್ತಿದೆ.

ಪರೀಕ್ಷೆಯ ದಿನ ಬಂತು. ಮೇಜಿನ ಆಚೆ ಪಾಸ್ಟರ್ ಅಯ್ಯನವರು, ಪಕ್ಕದಲ್ಲಿ ಸಭೆಯ ಹಿರಿಯರಾದ ಸಮುವೇಲಪ್ಪನವರು. ಅಯ್ಯನವರು ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ಸಮುವೇಲಪ್ಪನವರಿಗೆ ಶಾಸ್ತ್ರ ಕಂಠಪಾಠ, ಯಾವ ಅಧ್ಯಾಯ ಎಷ್ಟನೆಯ ವಚನ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು. ಒಳ್ಳೆಯವರೇ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕೂರುವವರು ಅವರೇ. ಆದರೆ ಅವರ ಪ್ರಶ್ನೆಗೆ ಅವರಲ್ಲಿ ಮೊದಲೇ ಉತ್ತರ ಇರುತ್ತದೆ, ಅದೇ ಬರಬೇಕು.

ನಾಗಮ್ಮ ಒಂಬತ್ತನ್ನೂ ಸರಿಯಾಗಿ ಹೇಳಿದಳು. ಸಮುವೇಲಪ್ಪನವರು ತಲೆಯಾಡಿಸಿ, "ಚಲೋ ಆತು. ದಯೆ ಅಂದ್ರ ಏನವಾ?" ಎಂದರು.

"ದಯೆ ಅಂದ್ರ ನಮ್ಮ ಹುಸೇನಮ್ಮರಿ," ಎಂದಳು ನಾಗಮ್ಮ.

ಅವರು ಕನ್ನಡಕ ಸರಿಮಾಡಿಕೊಂಡರು. ನಾನು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದವಳು ಎದ್ದು ನಿಂತೆ. ನಾಗಮ್ಮ ವಿವರಿಸುತ್ತ ಹೋದಳು. ನಾಟಿಗೆ ಹೋದಾಗ ಯಾರಾದರೂ ಬುತ್ತಿ ತಂದಿರದಿದ್ದರೆ ಹುಸೇನಮ್ಮ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವರ ಕಡೆ ಸರಿಸುತ್ತಾಳೆ. "ಕೊಡುವಾಗ ಈ ಕಡಿ ನೋಡಂಗಿಲ್ರಿ, ಕಾಲುವಿ ಕಡಿ ನೋಡ್ತಾಳ. ತಗೊಳ್ಳೋರಿಗೆ ನಾಚಿಕಿ ಆಗಬಾರ್ದು ಅಂತ."

"ಸಾಬರಾಕಿ ಏನು?" ಎಂದರು ಸಮುವೇಲಪ್ಪನವರು.

ಅಲ್ಲ. ನಮ್ಮ ಕಡೆಯನ್ನು ಬಲ್ಲವರಿಗೆ ಇದು ಗೊತ್ತು. ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಕ್ಕಳಿಗೆ ಹಿಂದೂ ಮನೆಗಳಲ್ಲಿಯೂ ಹುಸೇನಪ್ಪ, ಹುಸೇನಮ್ಮ ಎಂದು ಹೆಸರಿಡುತ್ತಾರೆ. ಆಕೆ ಶನಿವಾರ ಹನುಮಪ್ಪನ ಗುಡಿಗೆ ಹೋಗುವವಳು. ಹೆಸರು ಮೊಹರಮ್ಮಿನದು, ಗುಡಿ ಹನುಮಪ್ಪನದು, ದಯೆ ಎಂದು ಕರೆಯುವವಳು ಕ್ರೈಸ್ತಳು ಎಂದ ಮೇಲೆ ಆಕೆಯಲ್ಲಿ ಏನೋ ಇರಲೇಬೇಕು ಎಂದು ನನಗನ್ನಿಸಿತು. ಹಿರಿಯರಿಗೆ ಹಾಗನ್ನಿಸಲಿಲ್ಲ.

"ದೀರ್ಘಶಾಂತಿ?"

"ದುರುಗಮ್ಮರಿ. ಓಣ್ಯಾಗ ನಳ ಕೆಟ್ಟಿತ್ತು. ಆಕಿ ಪಂಚಾಯ್ತಿ ಮುಂದ ದಿನಾ ಹೋಗಿ ನಿಂದ್ರತಿದ್ಲು. ಬೈದ್ರೂ ನಿಂದ್ರತಿದ್ಲು, ನಾಳೆ ಬಾ ಅಂದ್ರ ನಾಳೆ ಹೋಗ್ತಿದ್ಲು. ಕಡೀಕ ಅವ್ರಿಗೇ ಸಾಕಾಗಿ ನಳ ರಿಪೇರಿ ಮಾಡಿಸಿದ್ರು."

"ಅದಕ್ಕ ಹಟ ಅಂತಾರವಾ. ದೀರ್ಘಶಾಂತಿ ಅಂದ್ರ ಸುಮ್ಮ ಸೈಸ್ಕೊಂಡು ಇರೋದು."

ಇಲ್ಲಿ ನನ್ನ ಬಾಯಿ ತಡೆಯಲಿಲ್ಲ. ಕರ್ತನೇ ಹೇಳಿದ ಕಥೆಯೊಂದಿದೆ. ನ್ಯಾಯ ಕೊಡದ ನ್ಯಾಯಾಧಿಪತಿಯ ಬಾಗಿಲಿಗೆ ಒಬ್ಬ ವಿಧವೆ ದಿನವೂ ಹೋಗಿ ಹೋಗಿ ಅವನ ಜೀವ ತಿಂದು ನ್ಯಾಯ ಪಡೆದಳು. ಹೀಗೆ ಬೇಸರಪಡದೆ ಪ್ರಾರ್ಥಿಸಿರಿ ಎಂದು ಕರ್ತನು ಆಕೆಯನ್ನೇ ತೋರಿಸಿದ. ಅದನ್ನು ನೆನಪಿಸಿದೆ. ಹಾಗೆಯೇ, ನೆರೆಯವನು ಯಾರು ಎಂದು ಒಬ್ಬ ಪಂಡಿತ ಕೇಳಿದಾಗ ಕರ್ತನು ಯಾಜಕನನ್ನೂ ಲೇವಿಯನನ್ನೂ ದಾರಿಯ ಆಚೆ ಬದಿಗೆ ದಾಟಿಸಿ, ಗಾಯಗೊಂಡವನಿಗೆ ಎಣ್ಣೆ ಹಚ್ಚಲು ಹೊರಗಿನವನೊಬ್ಬನನ್ನು ತಂದು ನಿಲ್ಲಿಸಿದ. ಗುಣಕ್ಕೆ ಹೊರಗಿನವರ ಮುಖ ಇಡುವುದು ತಪ್ಪಾದರೆ ಮೊದಲು ತಪ್ಪು ಮಾಡಿದವನು ಕರ್ತನೇ ಎಂದೆ. ದನಿ ಸ್ವಲ್ಪ ಏರಿತ್ತು. ಸ್ವಲ್ಪವೇನು, ಹೊರಗೆ ಸೈಕಲ್ ಒರೆಸುತ್ತಿದ್ದವರು ಕಿಟಕಿಗೆ ಬಂದಿದ್ದರು.

ಸಮುವೇಲಪ್ಪನವರು ದೃಢೀಕರಣದ ಹೆಸರುಗಳ ಪುಸ್ತಕ ಮುಚ್ಚಿದರು. "ಆತ್ಮದ ಫಲ ಸಭಿಯೊಳಗ ಹುಡುಕಬೇಕು. ಈ ಸಲ ಬ್ಯಾಡ. ಸರಿಯಾಗಿ ಕಲಿಸ್ಕೊಂಡು ಬರ್ರಿ," ಎಂದವರು, ಎದ್ದು ಹೊರಡುವಾಗ ನನ್ನ ಕಡೆ ತಿರುಗಿ, "ಅಕ್ಕೋರ, ನೀವೂ ಒಂದೀಟು ದೀರ್ಘಶಾಂತಿ ಕಲೀರಿ," ಎಂದರು.

ನಾಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾಟಿಯಲ್ಲಿ ಬಾಗಿ ಬಾಗಿ ಬೆನ್ನು ಗೂನಾದ ಆ ಹೆಂಗಸು ಇಪ್ಪತ್ತು ಸಂಜೆ ನನ್ನ ಮಾತು ನಂಬಿ ಬಂದಿದ್ದಳು, ನನ್ನ ಉಪಾಯದಿಂದಲೇ ಹೊರಗುಳಿದಳು. ಆಗಲೇ ಹೇಳಿದೆ, ಎಲ್ಲರಿಗೂ ಕೇಳುವಂತೆ: ನಾಗಮ್ಮನಿಗೆ ಇಲ್ಲದ ರೊಟ್ಟಿ ನನಗೂ ಬೇಡ.

ಹೇಳುವುದು ಸುಲಭ. ನಮ್ಮಲ್ಲಿ ಭೋಜನ ತಿಂಗಳಿಗೊಮ್ಮೆ. ಮೊದಲ ತಿಂಗಳು ಎಲ್ಲರೂ ಎದ್ದಾಗ ನಾನು ಕೂತೇ ಇದ್ದೆ, ನಾಗಮ್ಮನ ಪಕ್ಕದಲ್ಲಿ. ಸುಮ್ಮನೆ ಕೂರುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ತಪ್ಪದೆ ಎದ್ದ ಕಾಲುಗಳು ತಾವೇ ಏಳಲು ಹೊರಟವು. ಎರಡನೆಯ ತಿಂಗಳು ಸಭೆಯಲ್ಲಿ ಸುದ್ದಿ ಹುಟ್ಟಿತು, ಅಕ್ಕೋರು ಯಾವುದೋ ಪಾಪ ಮಾಡಿದ್ದಾರೆ, ಅದಕ್ಕೇ ಏಳುವುದಿಲ್ಲ ಎಂದು. ಯಾವ ಪಾಪ ಎಂದು ಊಹಿಸಲು ಜನ ಬಹಳ ಕಷ್ಟಪಟ್ಟರಂತೆ. ನನ್ನ ವಯಸ್ಸಿಗೂ ಮೊಣಕಾಲಿಗೂ ಒಪ್ಪುವಂಥದ್ದು ಯಾರಿಗೂ ಹೊಳೆಯಲಿಲ್ಲ.

ಮೂರನೆಯ ತಿಂಗಳಿಗೆ ನಾನು ಸೋತೆ. ಮುಚ್ಚಿಡುವುದೇಕೆ? ನಾಗಮ್ಮನನ್ನು ಕರೆದು, ಹಿರಿಯರಿಗೆ ಬೇಕಾದ ಉತ್ತರವನ್ನೇ ಕಲಿತುಬಿಡು, ದಯೆ ಎಂದರೆ ಕನಿಕರದ ಸ್ವಭಾವ ಎಂದುಬಿಡು, ಮುಖಗಳನ್ನು ಮನಸ್ಸಿನಲ್ಲೇ ಇಟ್ಟುಕೋ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹುಸೇನಮ್ಮನ ರೊಟ್ಟಿ ತಿಂದು, ದೇವ್ರ ಮುಂದ ಹೋಗಿ ಆಕಿ ಗೊತ್ತಿಲ್ಲ ಅನ್ಲೇನ್ರಿ? ಸುಳ್ಳು ಹೇಳಿ ಆ ರೊಟ್ಟಿ ಹೆಂಗ ನುಂಗ್ಲಿ? ನೀವೂ ಹಿಂಗ ಅಂದ್ರ ಹೆಂಗ್ರಿ ಅಕ್ಕೋರ."

ಶಾಸ್ತ್ರಪಾಠ ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂಬುದು ಆ ಸಂಜೆ ನನಗೆ ಸ್ಪಷ್ಟವಾಯಿತು. ನಾನು ಎದ್ದು ಹೋಗಿ ಇಬ್ಬರಿಗೂ ಚಹಾ ಮಾಡಿದೆ.

ಮತ್ತೆ ಪರೀಕ್ಷೆ. ಅದೇ ಮೇಜು, ಅದೇ ಇಬ್ಬರು. ನಾಗಮ್ಮ ಅದೇ ಒಂಬತ್ತು ಹೇಳಿದಳು. ಈ ಸಲ ಒಂಬತ್ತಕ್ಕೂ ಅರ್ಥ ಕೇಳಿದರು, ಮೊದಲಿನ ಹೆಸರುಗಳ ಜೊತೆ ಉಳಿದವಕ್ಕೂ ನಾಟಿ ಗುಂಪಿನ ಹೆಸರುಗಳನ್ನೇ ಹೇಳಿದಳು. ಪ್ರೀತಿ ಎಂದರೆ ಶರಣಮ್ಮ ಎಂಬುದು ಆ ದಿನ ಹೊಸದಾಗಿ ತಿಳಿಯಿತು. ನಾಗಮ್ಮನಿಗೆ ಜ್ವರ ಬಂದು ಬದುವಿನ ಮೇಲೆ ಮಲಗಿದಾಗ, ಹಣೆಗೆ ವಿಭೂತಿ ಹಚ್ಚುವ ಶರಣಮ್ಮ ತನ್ನ ಸಾಲಿನ ಜೊತೆ ಇವಳ ಸಾಲನ್ನೂ ನಾಟಿ ಮಾಡಿ, ಅದನ್ನು ಯಾರಿಗೂ ಹೇಳಿರಲಿಲ್ಲ.

ಸಮುವೇಲಪ್ಪನವರು ಈ ಸಲ ಗದರಲಿಲ್ಲ. ಅವರ ಮುಖದಲ್ಲಿ ನೋವೇ ಕಂಡಿತು. "ಅಲ್ಲವಾ, ಒಂಬತ್ತರಾಗ ನಮ್ಮ ಸಭಿಯವ್ರು ಒಬ್ರೂ ಇಲ್ಲೇನು?" ಎಂದರು.

"ಹಂಗಲ್ರಿ ಯಪ್ಪಾ," ಎಂದಳು ನಾಗಮ್ಮ, ಬಹಳ ಮೆತ್ತಗೆ. "ಇರಬಹುದ್ರಿ. ಆದ್ರ ನಿಮ್ಮನ್ನ ನಾ ವಾರಕ್ಕ ಒಂದು ತಾಸು ನೋಡ್ತೀನಿ, ಅದೂ ಹಿಂದ ಕುಂತು. ಒಂದು ತಾಸಿನ್ಯಾಗ ಮನಶಾರ ಗುಣ ಹೆಂಗ ಗೊತ್ತಾಕ್ಕೈತ್ರಿ?"

ನನ್ನ ಬಳಿ ಎರಡು ಕಥೆ, ನಾಲ್ಕು ವಾದ ಸಿದ್ಧವಿದ್ದವು, ಯಾವುದಕ್ಕೂ ಕೆಲಸವಿರಲಿಲ್ಲ. ಕೊನೆಗೆ ಸಮುವೇಲಪ್ಪನವರೇ, ನಗಲೋ ಬೇಡವೋ ಎಂಬಂತೆ, "ಹಂಗಾದ್ರ ನಾ ಒಂದಿನ ಬಂದು ನಿಂತ್ರ ನನ್ನ ಹೆಸರೂ ಹಚ್ತೀಯೇನು?" ಎಂದರು.

"ಬರ್ರಿ. ಗದ್ದಿಗೆ ಟಂಟಂ ಆಟೋ ಮುಂಜಾನಿ ಆರಕ್ಕ ಹೊಂಡ್ತೈತಿ."

ಅಯ್ಯನವರು ತಲೆ ತಗ್ಗಿಸಿ ನಕ್ಕು, ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ನಾಗಮ್ಮನ ಹೆಸರಿನ ಮುಂದೆ ಸಹಿ ಹಾಕಿದರು. ಸಮುವೇಲಪ್ಪನವರು ತಡೆಯಲಿಲ್ಲ. ದೃಢೀಕರಣವಾಗಿ ಬಂದ ಮೊದಲ ಭೋಜನಕ್ಕೆ ನಾಗಮ್ಮ ಎದ್ದಳು, ಹಿಂದೆ ನಾನೂ ಎದ್ದೆ. ನನಗೆ ಅಳು ಬಂತು. ಗೆದ್ದೆ ಎಂಬ ಸೊಕ್ಕೂ ಅದರಲ್ಲಿ ಇತ್ತು, ಸುಳ್ಳು ಹೇಳುವುದಿಲ್ಲ.

ಆ ಸೊಕ್ಕು ಒಂದು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಯೋಚನೆ ಕಾಡತೊಡಗಿತು. ಆರು ಗಂಟೆಯ ಟಂಟಂಗೆ ಕರೆ ಬಂದದ್ದು ಸಮುವೇಲಪ್ಪನವರಿಗೆ, ಸರಿ. ಆದರೆ ಆಕೆಯ ಒಂಬತ್ತು ಮುಖಗಳಲ್ಲಿ ಇಪ್ಪತ್ತು ಸಂಜೆ ಪಾಠ ಹೇಳಿದ ನನ್ನ ಮುಖವೂ ಇರಲಿಲ್ಲವಲ್ಲ. ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಒಂದು ಗುರುವಾರ ಟಂಟಂ ಹತ್ತಿಯೇಬಿಟ್ಟೆ. ವಳಕಮದಿನ್ನಿ ಕಡೆಯ ಗದ್ದೆ. ಹದಿನಾಲ್ಕು ಹೆಂಗಸರ ನಡುವೆ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದೆ. ನಾಟಿಯಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಹಚ್ಚಬೇಕು. ನಾನು ಹಿಂದಕ್ಕೆ ಸರಿದು ನೇರ ಕೂತೇಬಿಟ್ಟೆ, ಕೆಸರಿನಲ್ಲಿ. ದುರುಗಮ್ಮ ಕೈ ಹಿಡಿದು ಎಬ್ಬಿಸಿದಳು, ಶರಣಮ್ಮ ನಾನು ಹಚ್ಚಿದ ಸಸಿಗಳನ್ನು ಮತ್ತೆ ಕಿತ್ತು ನೆಟ್ಟಗೆ ಹಚ್ಚಿದಳು. ಮಧ್ಯಾಹ್ನ ಉಣ್ಣಲು ನೋಡಿದರೆ ನನ್ನ ಚಪಾತಿ ಡಬ್ಬಿ ಟಂಟಂನಲ್ಲೇ ಉಳಿದುಹೋಗಿತ್ತು. ಯಾರೋ ಅರ್ಧ ರೊಟ್ಟಿ, ಅದರ ಮೇಲೆ ಕೆಂಪು ಚಟ್ನಿ, ನನ್ನ ಕಡೆ ಸರಿಸಿದರು. ಯಾರೆಂದು ತಿರುಗಿ ನೋಡಿದರೆ ಆ ಹೆಂಗಸು ಕಾಲುವೆ ಕಡೆ ನೋಡುತ್ತಿದ್ದಳು.

ಸಂಜೆ ಟಂಟಂನಲ್ಲಿ ನಡು ಹಿಡಿದುಕೊಂಡು ನಾಗಮ್ಮನ ಪಕ್ಕ ಕೂತೆ. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. "ನಾಗಮ್ಮ, ಇವತ್ತು ನನ್ನ ಮುಖ ಯಾವುದಕ್ಕಾದರೂ ಕೂಡ್ತೇನು?"

ಆಕೆ ನನ್ನ ಕೆನ್ನೆಯ ಮೇಲಿನ ಕೆಸರನ್ನು ತನ್ನ ಸೆರಗಿನಿಂದ ಒರೆಸಿದಳು.

"ಒಂದ ದಿನದಾಗ ಹೆಂಗ್ ಹೇಳ್ಲಿರಿ ಅಕ್ಕೋರ? ನಾಳೆನೂ ಬರ್ರಿ."